ಅಳತೆಯ ಪಾಠ ಮುಗಿಯಿತು, ಜೊತೆಗಿದ್ದವರಿಗೆಲ್ಲ ಧನ್ಯವಾದ

ನಾಲ್ಕನೇ ತರಗತಿಯ ಅಳತೆ ಮತ್ತು ಆಕಾರಗಳ ಪಾಠ ಈ ವಾರ ಮುಗಿಯಿತು. ಈ ವರ್ಷ ಸೂತ್ರವನ್ನು ಕೊನೆಗೆ ಇಟ್ಟುಕೊಂಡು, ಮೊದಲು ಮಕ್ಕಳ ಕೈಗೆ ಕೆಲಸ ಕೊಡೋಣ ಅಂತ ಹೊರಟಿದ್ದೆ. ಒಬ್ಬಳಿಂದ ಆಗುವ ಕೆಲಸ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಕ್ಕದ ತರಗತಿಯ ಟೀಚರ್‌ಗೆ. ಮುರಿದ ಸ್ಕೇಲ್‌ಗಳನ್ನು ಎಸೆಯಬೇಡಿ ಅಂದವರು ಅವರೇ. 3ರಿಂದ ಶುರುವಾಗುವ ತುಂಡು ಸ್ಕೇಲ್ ಕೊಟ್ಟು ಪೆನ್ಸಿಲ್ ಅಳೆಯಿರಿ ಅಂದೆವು. ಪೆನ್ಸಿಲಿನ ತುದಿ 11ಕ್ಕೆ ಬಂತು. ತುಂಬಾ ಮಕ್ಕಳು 11 ಅಂದರು. ಕೆಲವರು ಗೆರೆಗಳನ್ನು ಎಣಿಸಿ 9 ಅಂದರು. ಎಣಿಸಬೇಕಾದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ಜಾಗವನ್ನು ಅಂತ ಒಬ್ಬ ಹುಡುಗಿ ಬೋರ್ಡಿನ ಮೇಲೆ ತೋರಿಸಿದಳು. ಆಗ ಎಲ್ಲರಿಗೂ 8 ಸಿಕ್ಕಿತು. ಇಡೀ ಸ್ಕೇಲಿನಲ್ಲಿ ಈ ಗೊಂದಲ ಹೊರಗೇ ಬರುವುದಿಲ್ಲ. ಸೊನ್ನೆಗೆ ಹೊಂದಿಸಿ ತುದಿಯ ಅಂಕಿ ಓದಿದರೆ ಸಾಕು, ಅಳತೆ ಅಂದರೇನು ಅಂತ ತಿಳಿಯದೆಯೂ ಉತ್ತರ ಸರಿ ಬರುತ್ತದೆ.

ಅಪ್ಪ ಅಮ್ಮಂದಿರೇ, ರಟ್ಟಿನಲ್ಲಿ ಸೆಂಟಿಮೀಟರ್ ಚೌಕಗಳನ್ನು ಕತ್ತರಿಸಿ ಕಳಿಸಿದಿರಿ. ನಿಮಗೆ ದೊಡ್ಡ ನಮಸ್ಕಾರ. ನೋಟ್‌ಬುಕ್ ಯಾಕೆ ಖಾಲಿ ಇದೆ ಅಂತಲೂ ಕೇಳಿದಿರಿ. ಅದು ನ್ಯಾಯವಾದ ಪ್ರಶ್ನೆ. ಆದರೂ ಕಾದಿರಿ. ಉದ್ದ ಗುಣಿಸು ಅಗಲ ಅಂತ ಒಂದು ಪೀರಿಯಡ್‌ನಲ್ಲಿ ಬಾಯಿಪಾಠ ಮಾಡಿಸಬಹುದು. ಚೌಕಗಳನ್ನು ಸಾಲಾಗಿ ಜೋಡಿಸಿ, ಒಂದು ಸಾಲಿಗೆ ಎಷ್ಟು, ಎಷ್ಟು ಸಾಲು ಅಂತ ಮಕ್ಕಳೇ ಕಂಡುಕೊಳ್ಳಲು ಜಾಸ್ತಿ ದಿನ ಬೇಕು. ಆ ದಿನಗಳನ್ನು ಕೊಟ್ಟವರು ನೀವು. ಒಂದು ಚದರ ಮೀಟರಿಗೆ ನೂರಲ್ಲ, 10,000 ಚದರ ಸೆಂಟಿಮೀಟರ್ ಅಂತ ಈಗ ಅವರು ಯಾರಿಗೆ ಬೇಕಾದರೂ ವಿವರಿಸುತ್ತಾರೆ, ಕೇಳಿ ನೋಡಿ.

ದೂರದ ಇಬ್ಬರನ್ನೂ ನೆನೆಯಬೇಕು. ನೆದರ್‌ಲ್ಯಾಂಡ್ಸ್‌ನ ಗಣಿತ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವ್ಯಾನ್ ಹೀಲೆ. ಮಕ್ಕಳು ಆಕಾರವನ್ನು ಮೊದಲು ಅದರ ಒಟ್ಟು ನೋಟದಿಂದ ಗುರುತಿಸುತ್ತಾರೆ, ಬಾಹು ಮತ್ತು ಕೋನಗಳ ಕಡೆ ಗಮನ ಹೋಗುವುದು ಆಮೇಲೆ ಅಂತ ಇವರು 1957ರಲ್ಲೇ ತಮ್ಮ ಪ್ರಬಂಧಗಳಲ್ಲಿ ತೋರಿಸಿದ್ದರು. ಓರೆಯಾಗಿ ನಿಲ್ಲಿಸಿದ ಚೌಕವನ್ನು 'ಇದು ಚೌಕ ಅಲ್ಲ' ಅಂತ ಮಗು ಹೇಳಿದಾಗ ನಾನು ಗಾಬರಿಯಾಗದೆ, 'ಕಾಗದ ತಿರುಗಿಸಿದರೆ ಬಾಹುಗಳು ಬದಲಾದವಾ?' ಅಂತ ಕೇಳಿದ್ದು ಇವರಿಂದಾಗಿ.

ಓಡಾಡುವ ಜಾಗದಲ್ಲಿ ನೆಲದ ತುಂಬ ಸೀಮೆಸುಣ್ಣದ ಗೆರೆ ಎಳೆಯಲು ಬಿಟ್ಟ ಸಿಬ್ಬಂದಿಗೂ, ದಿನಾ ಅದನ್ನು ಒರೆಸಿದವರಿಗೂ ಋಣಿ.

ಕೊನೆಯದಾಗಿ ನನ್ನ ಮಕ್ಕಳಿಗೆ. ಎಲ್ಲರಿಗೂ 24 ಸೆಂಟಿಮೀಟರ್ ಸುತ್ತಳತೆಯ ದಾರದ ಬಳೆ ಕೊಟ್ಟು, ಚೌಕುಳಿ ಹಾಳೆಯ ಮೇಲೆ ಆಯತ ಮಾಡಲು ಹೇಳಿದ್ದೆ. ಒಬ್ಬರ ಆಯತದಲ್ಲಿ 11 ಚೌಕ, ಇನ್ನೊಬ್ಬರದರಲ್ಲಿ 32, ಆರಕ್ಕೆ ಆರು ಮಾಡಿದವರಿಗೆ 36. ದಾರ ಅಷ್ಟೇ ಉದ್ದ, ಒಳಗಿನ ಜಾಗ ಮಾತ್ರ ಇಷ್ಟು ಬೇರೆ! ಅಲ್ಲಿಗೆ ಪಾಠ ಮುಗಿಸಬೇಕೆಂದಿದ್ದೆ. ಹಿಂದಿನ ಬೆಂಚಿನ ಹುಡುಗ, '36ಕ್ಕಿಂತ ಜಾಸ್ತಿ ಆಗಲ್ವಾ ಮಿಸ್?' ಅಂದ. ಕೇಳಿದ್ದಕ್ಕೆ ಥ್ಯಾಂಕ್ಸ್ ಕಣೋ. ನಿನ್ನಿಂದಾಗಿ ಎಲ್ಲರೂ ದಾರವನ್ನು ದುಂಡಗೆ ಮಾಡಿ, ಅರ್ಧ ಚೌಕಗಳನ್ನೂ ಸೇರಿಸಿ ಎಣಿಸಿ, 45ರ ಆಚೆ ತಲುಪಿದೆವು.