ನಮ್ಮ ಯಜಮಾನರ ಜೀವಕ್ಕೆ ಆಸರೆಯಾದ ಎಲ್ಲರಿಗೂ ನಮಸ್ಕಾರಗಳು

ಮಧುಮೇಹವಿರುವ ನಮ್ಮ ಯಜಮಾನರಿಗೆ ಹೃದಯಾಘಾತವಾಗಿ, ಮುಚ್ಚಿದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿಯ ನಂತರ ಅವರು ಮನೆಗೆ ಮರಳಿ ಈ ಯುಗಾದಿಗೆ ಒಂದು ವರ್ಷ ತುಂಬಿತು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಮಟ್ಟ 8.9ರಿಂದ 6.7ಕ್ಕೆ ಇಳಿದಿದೆ, ರಕ್ತದೊತ್ತಡವೂ ಹತೋಟಿಯಲ್ಲಿದೆ. ಇದಕ್ಕೆ ಕಾರಣರಾದ ವಿಜಯಪುರದ ಎಲ್ಲರ ಮನೆಗೂ ಹೋಗಿ ಕೈ ಮುಗಿಯುವುದು ಆಗದ ಮಾತಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಪಕ್ಕದ ಮನೆಯ ಕಾಕಾ ಅವರಿಗೆ. ಅಂದು ಯಜಮಾನರಿಗೆ ಎದೆನೋವು ಎನ್ನುವಂಥದ್ದು ಇರಲೇ ಇಲ್ಲ. ಮೈಯೆಲ್ಲ ಬೆವರಿ, ಉಸಿರು ಸಾಲದಂತಾಗಿ, ಹೊಟ್ಟೆ ತೊಳಸುತ್ತಿತ್ತು. ಪಿತ್ತವಿರಬೇಕು ಎಂದು ಸುತ್ತಲಿನವರು ಮಾತಾಡುತ್ತಿರುವಾಗಲೇ ಕಾಕಾ, ‘ಶುಗರ್ ಇದ್ದವರಿಗೆ ನೋವು ಗೊತ್ತಾಗಂಗಿಲ್ಲ, ಮೊದಲ ಇಸಿಜಿ ತೆಗಸೂಣು ನಡಿಯವಾ’ ಎಂದು ತಮ್ಮ ಗಾಡಿ ಹೊರತೆಗೆದರು. ಬಹುಕಾಲದ ಮಧುಮೇಹ ನರಗಳನ್ನು ಮಂದಗೊಳಿಸುವುದರಿಂದ ಕೆಲವರಲ್ಲಿ ಹೃದಯಾಘಾತದ ನೋವು ಸರಿಯಾಗಿ ಕಾಣಿಸಿಕೊಳ್ಳುವುದೇ ಇಲ್ಲ ಎಂಬುದನ್ನು ಅವರು ಸ್ವಂತ ಅಣ್ಣನನ್ನು ಕಳೆದುಕೊಂಡು ತಿಳಿದಿದ್ದರು.

ಹೊರಗೆ ರೋಗಿಗಳ ಸಾಲು ಇದ್ದರೂ, ಡಿಸ್ಚಾರ್ಜ್ ದಿನ ನಮ್ಮನ್ನು ಕೂರಿಸಿಕೊಂಡು ವಿವರಿಸಿದ ವೈದ್ಯರಿಗೆ ನಾವು ಸದಾ ಋಣಿಗಳು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಇದ್ದರೆ ರಕ್ತನಾಳಗಳ ಒಳಪದರ ಹಾಳಾಗುತ್ತದೆ, ಅಲ್ಲಿ ಕೆಟ್ಟ ಕೊಲೆಸ್ಟರಾಲ್ ಸೇರಿಕೊಳ್ಳುತ್ತದೆ, ಆ ಜಿಡ್ಡಿನ ಪದರ ಒಡೆದಾಗ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ ಎಂದು ಅವರು ಆಂಜಿಯೋಗ್ರಾಮ್ ಚಿತ್ರವನ್ನೇ ತೋರಿಸಿ ಹೇಳಿದರು. ‘ಮುಚ್ಚಿದ ಒಂದು ಜಾಗವನ್ನು ನಾನು ತೆರೆದಿದ್ದೇನೆ, ಉಳಿದ ನಾಳಗಳನ್ನು ಕಾಪಾಡುವುದು ಮಾತ್ರೆ ಮತ್ತು ನಿಮ್ಮ ಮನೆ’ ಎಂಬ ಅವರ ಮಾತಿನಿಂದಲೇ ನಮ್ಮ ಈ ವರ್ಷ ಆರಂಭವಾಯಿತು. ಟೇಪು ತರಿಸಿ ಯಜಮಾನರ ಸೊಂಟವನ್ನೂ ಅಳೆದರು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯ ಹೆಚ್ಚು. ಹೊಟ್ಟೆಯೊಳಗೆ ಸೇರಿದ ಕೊಬ್ಬು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬುದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೂ ಅಂದೇ ಮನಸ್ಸಿಗೆ ನಾಟಿತು.

ಆಹಾರ ತಜ್ಞೆಯವರು ನಮ್ಮ ಅಡಿಗೆಮನೆಗೆ ಹೊರಗಿನ ದುಬಾರಿ ಪದಾರ್ಥಗಳನ್ನು ಬರೆದುಕೊಡಲಿಲ್ಲ, ಅದಕ್ಕಾಗಿ ಅವರಿಗೆ ವಿಶೇಷ ಧನ್ಯವಾದ. ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ಜೋಳದಲ್ಲಿ ಬಿಳಿ ಅಕ್ಕಿಗಿಂತ ನಾರು ಹೆಚ್ಚಿರುವುದು ನಿಜ, ಆದರೆ ಅದರಲ್ಲಿಯೂ ಪಿಷ್ಟವಿದೆ, ಆದ್ದರಿಂದ ಎಷ್ಟು ರೊಟ್ಟಿ ಎಂಬ ಲೆಕ್ಕ ಬೇಕೇ ಬೇಕು ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಈಗ ಯಜಮಾನರ ಗಂಗಾಳದಲ್ಲಿ ರೊಟ್ಟಿ ಎರಡೇ. ಅರ್ಧ ಭಾಗ ಪುಂಡಿಪಲ್ಯ, ರಾಜಗಿರಿ, ಹಸಿ ಮೆಂತ್ಯೆ ಸೊಪ್ಪು, ಸವತಿಕಾಯಿಗಳದ್ದು, ಉಳಿದದ್ದು ಹೆಸರುಕಾಳು ಅಥವಾ ಮಡಿಕೆ ಕಾಳಿನದ್ದು. ಸೊಪ್ಪು ಮತ್ತು ಕಾಳುಗಳ ನಾರಿನಿಂದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಹೊಟ್ಟೆಯೂ ತುಂಬುತ್ತದೆ.

ಇದನ್ನೆಲ್ಲ ನಡೆಸಿಕೊಟ್ಟವರು ನಮ್ಮ ಅತ್ತೆಯವರು. ಈ ವಯಸ್ಸಿನಲ್ಲಿ ತಮ್ಮ ಕೈಯ ರುಚಿಯನ್ನೇ ಬದಲಿಸಿಕೊಳ್ಳುವುದು ಸಣ್ಣ ಮಾತಲ್ಲ. ಅಗಸಿಯನ್ನು ಹಂಚಿನ ಮೇಲೆ ಚಟಪಟ ಎನ್ನುವವರೆಗೆ ಹುರಿದು, ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕೂಡಿಸಿ ಕುಟ್ಟುವ ಹಿಂಡಿಗೆ ಮೊದಲಿನ ಅರ್ಧದಷ್ಟೇ ಉಪ್ಪು ಹಾಕುತ್ತಾರೆ, ಕಡಿಮೆಯಾದ ಉಪ್ಪು ನಾಲಿಗೆಗೆ ತಿಳಿಯದಂತೆ ಬಳ್ಳೊಳ್ಳಿ, ಕರಿಬೇವು ಹೆಚ್ಚಿಸುತ್ತಾರೆ. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ನಮ್ಮ ಮನೆಯಲ್ಲಿ ಪಾಲನೆಯಾಗುತ್ತಿದ್ದರೆ ಅದು ಅವರ ಪುಣ್ಯ. ಕರಿದ ಎಣ್ಣೆಯನ್ನು ಮತ್ತೆ ಕಾಯಿಸುವುದನ್ನೂ ಅವರೇ ನಿಲ್ಲಿಸಿದರು.

ಗೋಳಗುಮ್ಮಟದ ಆವರಣಕ್ಕೆ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರಿಗೆ ನಾನು ಹೇಗೆ ಧನ್ಯವಾದ ಹೇಳಲಿ? ಆರಂಭದಲ್ಲಿ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ಯಜಮಾನರಿಗಾಗಿ ಅವರೆಲ್ಲರೂ ತಮ್ಮ ನಡಿಗೆಯನ್ನು ನಿಧಾನಗೊಳಿಸಿದರು, ಬಾರದ ದಿನ ಮನೆಗೇ ಬಂದು ಕರೆದೊಯ್ದರು. ವೈದ್ಯರು ಒಪ್ಪಿದ ಮೇಲೆ ಹಂತಹಂತವಾಗಿ ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಸಾಧ್ಯವಾಗಿದೆ. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳುವುದರಿಂದ ರಾತ್ರಿ ಊಟದ ಮೇಲೂ ನಾವಿಬ್ಬರೂ ಓಣಿಯಲ್ಲಿ ಸ್ವಲ್ಪ ಅಡ್ಡಾಡುತ್ತೇವೆ.

ಯಜಮಾನರು ಲೆಕ್ಕ ಬರೆಯುವ ಅಂಗಡಿಯ ಗೆಳೆಯರೊಬ್ಬರು ಅವರ ಜೊತೆಗೆ ತಾವೂ ಸಿಗರೇಟು ಬಿಟ್ಟರು. ಧೂಮಪಾನ ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಅದರಿಂದ ಬರುವ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ ಎಂದು ತಿಳಿದಾಗ ಆ ಅಣ್ಣನವರ ಹೆಂಡತಿಯೂ ನಾನೂ ಕಣ್ಣೀರು ಹಾಕಿದೆವು. ಬಾಗಲಕೋಟೆಯ ಮದುವೆಯಲ್ಲಿ ‘ಒಂದು ತಿಂದರ ಏನೂ ಆಗಂಗಿಲ್ಲ’ ಎಂದು ಹೋಳಿಗೆ ಬಡಿಸಲು ಬಂದವರನ್ನು ತಡೆದು, ಮೊಳಕೆ ಕಾಳಿನ ಕೋಸಂಬರಿ ತಂದಿಟ್ಟ ನನ್ನ ನೆಗೆಣ್ಣಿಯ ಪ್ರೀತಿಯನ್ನೂ ಮರೆಯಲಾರೆ.

ಕೊನೆಯದಾಗಿ ನಮ್ಮ ಓಣಿಯ ಆಶಾ ಕಾರ್ಯಕರ್ತೆಯವರು. 30 ದಾಟಿದವರಿಗೆಲ್ಲ ಬಿಪಿ, ಶುಗರ್ ತಪಾಸಣೆ ಮಾಡಿಸಬೇಕೆಂದು ಅವರು ಬೆನ್ನು ಹತ್ತದಿದ್ದರೆ, ನನ್ನ ಹಿರಿಯ ಮಗನ ಬರಿಹೊಟ್ಟೆಯ ಸಕ್ಕರೆ 112 ಇರುವುದು ನಮಗೆ ಗೊತ್ತಾಗುತ್ತಿರಲಿಲ್ಲ. 126 ಮುಟ್ಟಿದರೆ ಮಧುಮೇಹ. ಅವನಿನ್ನೂ ಅದರ ಹೊಸ್ತಿಲಲ್ಲಿದ್ದಾನೆ. ಈ ಹಂತದಲ್ಲಿರುವವರಿಗೆ ಊಟ ಮತ್ತು ನಡಿಗೆ ಎಷ್ಟು ನೆರವಾಗುತ್ತವೆ ಎಂಬುದನ್ನು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನ ತೋರಿಸಿದೆ: ಜೀವನಕ್ರಮ ಬದಲಿಸಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಅಪಾಯ 28.5 ಪ್ರತಿಶತ ಕಡಿಮೆಯಾಗಿತ್ತು. ಮಗನೂ ಈಗ ತಂದೆಯ ಜೊತೆ ಬೆಳಿಗ್ಗೆ ಹೊರಡುತ್ತಾನೆ, ನನ್ನ ಮೈದುನರಿಬ್ಬರೂ ತಾವಾಗಿಯೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಆ ತಾಯಿಗೆ ನಮ್ಮ ಇಡೀ ಮನೆತನದ ಶರಣು.