ಮೆಡಿಕಲ್ ಶಾಪ್‌ನ ಅಣ್ಣನಿಗೆ

ದಾವಣಗೆರೆ ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪ್‌ನ ಅಣ್ಣಾ, ತುಂಬಾ ಥ್ಯಾಂಕ್ಸ್.

ನಮ್ಮೆಜಮಾನ್ರಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ. ಮಕ್ಕಳಾಗಿಲ್ಲ ಅಂತ ಟೆಸ್ಟು, ಹರಕೆ, ಪಥ್ಯ ಎಲ್ಲ ನನಗೇ. ಅವರನ್ನು ಯಾರು ಕೇಳ್ತಾರೆ! ನೀವು ಒಂದು ಕೈಯಲ್ಲಿ ಅವರ ಕರುಳಿನ ಮಾತ್ರೆ ಸಲ್ಫಸಲಜಿನ್‌ನ ಚೀಟಿ, ಇನ್ನೊಂದರಲ್ಲಿ ನನ್ನ ಫೋಲಿಕ್ ಆಸಿಡ್ ಚೀಟಿ ಹಿಡಿದು ನೋಡಿದಿರಿ. ರಶ್ ಕಡಿಮೆಯಾಗುವವರೆಗೆ ನಿಲ್ಲಿಸಿಕೊಂಡು, ದನಿ ತಗ್ಗಿಸಿ ಹೇಳಿದಿರಿ: "ನೋಡ್ರಿ ಅಕ್ಕಾ, ಈ ಮಾತ್ರೆ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡುತ್ತೆ. ಬಿಟ್ಟರೆ ಸಾಮಾನ್ಯವಾಗಿ 2-3 ತಿಂಗಳಲ್ಲಿ ಸರಿಹೋಗುತ್ತೆ. ಆದರೆ ನೀವಾಗೇ ನಿಲ್ಲಿಸಬೇಡ್ರಿ, ಕಾಯಿಲೆ ಮತ್ತೆ ಜಾಸ್ತಿ ಆದೀತು. ಡಾಕ್ಟರನ್ನು ಕೇಳಿ ಬೇರೆ ಮಾತ್ರೆ ಬರೆಸ್ಕೊಳ್ರಿ."

ಕರುಳಿನ ಡಾಕ್ಟರು ಮೆಸಲಮೈನ್ ಬರೆದರು. ಕೆಲವು ತಿಂಗಳ ನಂತರದ ವೀರ್ಯ ಪರೀಕ್ಷೆಯಲ್ಲಿ ಸಂಖ್ಯೆ ಏರಿತ್ತು. ಅವರ ಹೊಟ್ಟೆಯೂ ತಣ್ಣಗಿದೆ. ನನಗೀಗ 5 ತಿಂಗಳು!

ನಮ್ಮತ್ತೆ ಇದೆಲ್ಲ ದುಗ್ಗಮ್ಮನ ದಯೆ ಅಂತಾರೆ. ಇರಲಿ, ದುಗ್ಗಮ್ಮನಿಗೂ ಕಾಯಿ ಒಡೆಸಿದ್ದೇವೆ. ಆದರೆ ಚೀಟಿ ಓದಿದ್ದು ನೀವೇ ಅಲ್ವಾ?

ಏಳನೇ ತಿಂಗಳಲ್ಲಿ ಕುಬುಸ. ಅಂಗಡಿಗೇ ಬಂದು ಕರೀತೀವಿ. ಮನೆಯವರನ್ನೂ ಕರ್ಕೊಂಡು ಬನ್ನಿ.