ಕಣ್ಣಿನ ಇಂಜೆಕ್ಷನ್ ನಡುವೆ ನಿಲ್ಲಿಸಬಾರದು

ಮಾನ್ಯ ಸಂಪಾದಕರೇ,

ಹಿರಿಯರ ಕಣ್ಣಿನ ಆರೋಗ್ಯದ ವಿಷಯ ಬಂದಾಗ ಪತ್ರಿಕೆಗಳಲ್ಲಿ ಪೊರೆ ಮತ್ತು ಗ್ಲಾಕೋಮಾದ ಬಗ್ಗೆ ಸಾಕಷ್ಟು ಬರಹಗಳು ಪ್ರಕಟವಾಗುತ್ತವೆ. ಅಕ್ಷಿಪಟಲದ (ರೆಟಿನಾ) ಅಡಿಯಲ್ಲಿ ಅಸಹಜ ರಕ್ತನಾಳಗಳು ಬೆಳೆದು ನಡುದೃಷ್ಟಿಯನ್ನೇ ಕಸಿದುಕೊಳ್ಳುವ ಕಾಯಿಲೆಯ ಬಗ್ಗೆ ಬರುವುದು ಕಡಿಮೆ. ಬಂದರೂ ‘ಇದಕ್ಕೆ ಈಗ ಇಂಜೆಕ್ಷನ್ ಇದೆ’ ಎಂಬಲ್ಲಿಗೆ ಮುಗಿದುಬಿಡುತ್ತದೆ. ಅದನ್ನು ಎಷ್ಟು ಕಾಲ ಪಡೆಯಬೇಕು, ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ರೋಗಿಗೂ ಮನೆಯವರಿಗೂ ಮೊದಲ ದಿನವೇ ತಿಳಿಯಬೇಕು. ಈ ಕಾಯಿಲೆಯಿರುವ ನನ್ನ ತಾಯಿಯವರನ್ನು ಚಿಕಿತ್ಸೆಗೆ ಕರೆದೊಯ್ಯುವವಳಾಗಿ ಇದನ್ನು ಬರೆಯುತ್ತಿದ್ದೇನೆ.

ಅಕ್ಷಿಪಟಲದ ಹಿಂದೆ ಕೋರಾಯ್ಡ್ ಎಂಬ, ರಕ್ತನಾಳಗಳು ತುಂಬಿರುವ ಪದರವಿದೆ. ಇವೆರಡರ ನಡುವಿನ ತೆಳುಪೊರೆ ವಯಸ್ಸಿನಿಂದಲೋ, ತೀವ್ರ ಸಮೀಪದೃಷ್ಟಿಯಲ್ಲಿ ಕಣ್ಣುಗುಡ್ಡೆ ಹಿಗ್ಗಿದ್ದರಿಂದಲೋ ಹಾಳಾದಾಗ, ವಿಇಜಿಎಫ್ ಎಂಬ ಪ್ರೋಟೀನಿನ ಪ್ರಚೋದನೆಯಿಂದ ಕೋರಾಯ್ಡ್‌ನಲ್ಲಿ ಹೊಸ ನಾಳಗಳು ಚಿಗುರಿ ಆ ಬಿರುಕಿನ ಮೂಲಕ ಒಳಗೆ ನುಗ್ಗುತ್ತವೆ. ಅವುಗಳ ಗೋಡೆ ಗಟ್ಟಿಯಿಲ್ಲದ ಕಾರಣ ನೀರೂ ರಕ್ತವೂ ಜಿನುಗಿ, ಓದಲು ಮತ್ತು ಮುಖ ಗುರುತಿಸಲು ಬೇಕಾದ, ಅಕ್ಷಿಪಟಲದ ನಡುಭಾಗವಾದ ಮ್ಯಾಕುಲಾ ಊದಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಅಲ್ಲಿ ಕಲೆ ಕಟ್ಟುತ್ತದೆ. ಕಲೆ ಕಟ್ಟಿದ ಜಾಗದಲ್ಲಿ ಹೋದ ದೃಷ್ಟಿಯನ್ನು ಈಗಿರುವ ಯಾವ ಔಷಧವೂ ಮರಳಿಸಲಾರದು.

ಹಿಂದೆ ಇದಕ್ಕಿದ್ದ ಮುಖ್ಯ ಚಿಕಿತ್ಸೆಯೆಂದರೆ ಲೇಸರ್‌ನಿಂದ ಆ ನಾಳಗಳನ್ನು ಸುಡುವುದು. ನಾಳದ ಜತೆ ಮೇಲಿನ ಅಕ್ಷಿಪಟಲವೂ ಸುಟ್ಟು ಅಲ್ಲಿ ಶಾಶ್ವತ ಕುರುಡು ಚುಕ್ಕೆ ಉಳಿಯುತ್ತಿತ್ತು, ನಾಳಗಳು ಮತ್ತೆ ಬೆಳೆಯುವುದೂ ಸಾಮಾನ್ಯವಾಗಿತ್ತು. 2000ದಲ್ಲಿ ಬಂದ ವರ್ಟೆಪೋರ್ಫಿನ್ ಚಿಕಿತ್ಸೆಯಲ್ಲಿ ತೋಳಿನ ರಕ್ತನಾಳಕ್ಕೆ ಔಷಧ ಕೊಟ್ಟು, ಅದು ಕಣ್ಣಿಗೆ ತಲುಪಿದ ಮೇಲೆ ಸುಡದಷ್ಟು ಸೌಮ್ಯವಾದ ಲೇಸರ್ ಬೆಳಕನ್ನು 83 ಸೆಕೆಂಡ್ ಹಾಯಿಸುತ್ತಾರೆ. ಇದು ದೃಷ್ಟಿನಾಶವನ್ನು ನಿಧಾನಗೊಳಿಸಿತೇ ಹೊರತು, ಹೋದ ದೃಷ್ಟಿ ಮರಳಿದ್ದು ಕೆಲವರಿಗೆ ಮಾತ್ರ.

ನಿಜವಾದ ತಿರುವು ಬಂದದ್ದು ವಿಇಜಿಎಫ್ ತಡೆಯುವ ಇಂಜೆಕ್ಷನ್‌ಗಳಿಂದ. ಇಂಥ ಔಷಧಗಳಲ್ಲೊಂದಾದ ರಾನಿಬಿಜುಮಾಬ್ ಬಗ್ಗೆ 2006ರಲ್ಲಿ ಪ್ರಕಟವಾದ ಮರೀನಾ ಅಧ್ಯಯನದಲ್ಲಿ, ತಿಂಗಳಿಗೊಮ್ಮೆ ಇಂಜೆಕ್ಷನ್ ಪಡೆದವರ ಪೈಕಿ ಸುಮಾರು ಶೇ 95ರಷ್ಟು ಮಂದಿ ಒಂದು ವರ್ಷದ ಕೊನೆಗೆ ತಮ್ಮ ದೃಷ್ಟಿಯನ್ನು ಹೆಚ್ಚುಕಡಿಮೆ ಉಳಿಸಿಕೊಂಡಿದ್ದರು; ಔಷಧವಿಲ್ಲದ ಗುಂಪಿನಲ್ಲಿ ಹಾಗೆ ಉಳಿಸಿಕೊಂಡವರು ಶೇ 62 ಮಾತ್ರ. ಪೂರ್ಣ ಪ್ರಮಾಣದ ಔಷಧ ಪಡೆದವರಲ್ಲಿ ಮೂವರಲ್ಲೊಬ್ಬರು ಅಕ್ಷರಫಲಕದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳನ್ನು ಹೊಸದಾಗಿ ಓದಬಲ್ಲವರಾದರು. ಕ್ಯಾನ್ಸರ್‌ಗೆಂದು ತಯಾರಾದ ಬೆವಾಸಿಜುಮಾಬ್ ಕೂಡ ದೃಷ್ಟಿಯ ವಿಷಯದಲ್ಲಿ ಅದಕ್ಕೆ ಸರಿಸಾಟಿಯೆಂದು 2011ರ ಹೋಲಿಕೆ ಅಧ್ಯಯನ ತೋರಿಸಿತು. ಇದರ ಬೆಲೆ ಬಹಳ ಕಡಿಮೆಯಾದ್ದರಿಂದ ಈ ಮಾತನ್ನು ಯಾವ ವೈದ್ಯರೂ ರೋಗಿಯಿಂದ ಮುಚ್ಚಿಡಬಾರದೆಂದು ನನ್ನ ಅಭಿಪ್ರಾಯ. ಅನಂತರ ಅಫ್ಲಿಬರ್ಸೆಪ್ಟ್, 2022ರಲ್ಲಿ ಫಾರಿಸಿಮಾಬ್ ಬಂದವು. ಕೆಲವರಲ್ಲಿ ಫಾರಿಸಿಮಾಬ್‌ನ ಎರಡು ಇಂಜೆಕ್ಷನ್‌ಗಳ ಅಂತರವನ್ನು ನಾಲ್ಕು ತಿಂಗಳವರೆಗೂ ಹಿಗ್ಗಿಸಬಹುದು.

ಕಣ್ಣೊಳಗೆ ಸೂಜಿ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ನಡೆಯುವುದು ಇಷ್ಟು: ಮರಗಟ್ಟಿಸುವ ಹನಿ ಹಾಕಿ, ಪೊವಿಡೋನ್ ಅಯೋಡಿನ್‌ನಿಂದ ಕಣ್ಣನ್ನೂ ರೆಪ್ಪೆಯನ್ನೂ ಶುಚಿಮಾಡಿ, ರೆಪ್ಪೆ ಮುಚ್ಚದಂತೆ ಸಣ್ಣ ತಂತಿಯ ಸಾಧನವಿಟ್ಟು, ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ, ಕಣ್ಣಿನ ಬಿಳಿಭಾಗದ ಮೂಲಕ ಬಹಳ ಸಣ್ಣ ಸೂಜಿಯಿಂದ ಸಾಮಾನ್ಯವಾಗಿ 0.05 ಮಿಲಿಲೀಟರ್ ಔಷಧ ಕೊಡುತ್ತಾರೆ. ಸೂಜಿ ಒಳಗಿರುವುದು ಕೆಲವೇ ಕ್ಷಣ. ಆ ಸಂಜೆ ಅಯೋಡಿನ್‌ನಿಂದಾಗಿ ಕಣ್ಣು ಉರಿಯಬಹುದು, ಬಿಳಿಭಾಗದಲ್ಲಿ ರಕ್ತದ ಕೆಂಪು ಕಾಣಬಹುದು, ಅವು ತಾವಾಗಿ ಹೋಗುತ್ತವೆ. ಆದರೆ ನೋವು ದಿನೇದಿನೇ ಹೆಚ್ಚಿ ದೃಷ್ಟಿ ಮಂಜಾದರೆ ಅದು ಕಣ್ಣೊಳಗಿನ ಸೋಂಕಿರಬಹುದು. ಇದು ತೀರಾ ಅಪರೂಪ, ಆದರೂ ಬೆಳಗಾಗಲೆಂದು ಕಾಯದೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಈ ಔಷಧಗಳು ವಿಇಜಿಎಫ್ ಅನ್ನು ತಡೆಯುತ್ತವೆಯೇ ಹೊರತು ಅದು ಉತ್ಪತ್ತಿಯಾಗುವ ಕಾರಣವನ್ನು ಅಳಿಸುವುದಿಲ್ಲ. ಕಣ್ಣಿನಲ್ಲಿ ಔಷಧ ಕರಗಿದಂತೆ ಬಹುತೇಕರಲ್ಲಿ ಜಿನುಗುವಿಕೆ ಮರುಕಳಿಸುತ್ತದೆ. ಆದ್ದರಿಂದ ವಯಸ್ಸಿನಿಂದ ಬಂದ ಕಾಯಿಲೆಯಲ್ಲಿ ಮೊದಲು ತಿಂಗಳಿಗೊಂದರಂತೆ ಕೊಟ್ಟು, ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ಜಿನುಗಿದ ನೀರು ಒಣಗಿದೆಯೆಂದು ಕಂಡ ಮೇಲೆ ಅಂತರವನ್ನು ಪ್ರತಿ ಸಲ ಎರಡು ವಾರದಷ್ಟೋ ನಾಲ್ಕು ವಾರದಷ್ಟೋ ಹಿಗ್ಗಿಸುತ್ತ, ನೀರು ಮರಳಿದರೆ ಮತ್ತೆ ಕುಗ್ಗಿಸುವುದು ಈಗಿನ ರೂಢಿ. ಕಾಯುವ ಕೋಣೆಯಲ್ಲಿ ನಾನು ಮಾತಾಡಿಸಿದವರಲ್ಲಿ ಹಲವರು ‘ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತಲ್ಲ, ಅದಕ್ಕೇ ಬಿಟ್ಟೆ’ ಎಂದರು. ಇನ್ನು ಕೆಲವರು ‘ಎಷ್ಟು ಹಾಕಿಸಿಕೊಂಡರೂ ಮೊದಲಿನ ಹಾಗಾಗಲಿಲ್ಲ’ ಎಂದು ಬೇಸತ್ತು ಬಿಟ್ಟವರು. ಮೊದಲಿನವರಿಗೆ ಚೆನ್ನಾಗಿ ಕಂಡದ್ದೇ ಇಂಜೆಕ್ಷನ್‌ನಿಂದ. ಎರಡನೆಯವರಿಗೆ, ಇದ್ದಷ್ಟು ದೃಷ್ಟಿ ಉಳಿಯುವುದೇ ಈ ಚಿಕಿತ್ಸೆಯ ದೊಡ್ಡ ಫಲವೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಇದು ನನಗೆ ತುಂಬ ಸಂಕಟದ ಸಂಗತಿ, ಏಕೆಂದರೆ ಮೊದಲ ಭೇಟಿಯಲ್ಲಿ ವೈದ್ಯರು ಐದು ನಿಮಿಷ ಹೆಚ್ಚು ಕೊಟ್ಟಿದ್ದರೆ ಇದನ್ನು ತಪ್ಪಿಸಬಹುದಿತ್ತು.

ತಮ್ಮಲ್ಲಿ ಒಂದು ಬೇಡಿಕೆಯಿದೆ. ಸ್ವಿಸ್ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ಅವರ ಹೆಸರಿನ ಗೆರೆಚೌಕ, ಅಂದರೆ ಐದೈದು ಮಿಲಿಮೀಟರ್ ಮನೆಗಳಿಂದಾದ, ನಡುವೆ ಚುಕ್ಕೆಯಿರುವ ಹತ್ತು ಸೆಂಟಿಮೀಟರ್ ಚೌಕವನ್ನು ತಮ್ಮ ಆರೋಗ್ಯ ಪುಟದಲ್ಲಿ ಅಳತೆ ತಪ್ಪದಂತೆ ಮುದ್ರಿಸಬೇಕು. ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ, ಸುಮಾರು ಒಂದು ಅಡಿ ದೂರದಿಂದ ಚುಕ್ಕೆಯನ್ನೇ ನೋಡುವಾಗ ಗೆರೆಗಳು ಹೊಸದಾಗಿ ಡೊಂಕಾಗಿ ಕಂಡರೆ ಅಥವಾ ಎಲ್ಲಾದರೂ ಅಳಿಸಿದಂತಿದ್ದರೆ, ಮುಂದಿನ ಇಂಜೆಕ್ಷನ್ ದಿನಾಂಕ ದೂರವಿದ್ದರೂ ಕಾಯದೆ ಅಕ್ಷಿಪಟಲದ ವೈದ್ಯರನ್ನು ಕಾಣಬೇಕು ಎಂಬ ಸೂಚನೆಯನ್ನು ಅದರ ಕೆಳಗೆ, ಹಿರಿಯರಿಗೆ ಓದಲಾಗುವಷ್ಟು ದೊಡ್ಡ ಅಕ್ಷರಗಳಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗಿ